ಅಣವೀರಪ್ಪನ ಸಿಂಕ್

ಗಾಜಿಪುರದ ಅಣವೀರಪ್ಪನಿಗೆ ದೇವರು ಕೊಟ್ಟದ್ದು ಒಂದೇ ತಲೆ. ಕಂಪ್ಯೂಟರುಗಳು ಮಾತ್ರ ಎರಡು. ಒಂದು ಕಮಲಾಪುರದ ಕೆಂಪು ಬಾಳೆ ಬೆಳೆಗಾರರ ಸಂಘದಲ್ಲಿತ್ತು. ಅಲ್ಲಿ ಅವನು ಮ್ಯಾನೇಜರ. ಇನ್ನೊಂದು ಮನೆಯ ಪಡಸಾಲೆಯ ಮೂಲೆಯಲ್ಲಿ. ಮಗಳು ಪ್ರೀತಿ ಓದಿಗೆಂದು ಕೊಡಿಸಿಕೊಂಡು, ಮದುವೆಯಾಗಿ ಬೀದರಿಗೆ ಹೋಗುವಾಗ ಬಿಟ್ಟುಹೋದದ್ದು. ಇವೆರಡರ ನಡುವೆ ಅಂಗಿಯ ಜೇಬಿನಲ್ಲಿ ಒಂದು ಸ್ಮಾರ್ಟ್‌ಫೋನು ಹುಮನಾಬಾದ ಬಸ್ಸಿನಲ್ಲಿ ದಿನಾ ಹೋಗಿ ಬಂದು ಮಾಡುತ್ತಿತ್ತು. ಮೂರಕ್ಕೂ ಒಡೆಯ ಒಬ್ಬನೇ ಆದರೂ ಆಸ್ತಿ ಪಾಲಾದ ಅಣ್ಣತಮ್ಮಂದಿರಂತೆ ಒಂದರ ಸುದ್ದಿ ಒಂದಕ್ಕೆ ಗೊತ್ತಿರಲಿಲ್ಲ.

ಇದರಿಂದ ಎರಡು ಅನಾಹುತಗಳಾದವು. ಪ್ರೀತಿಯ ಅತ್ತೆ ಮಾವ ಬೀದರಿನಿಂದ ರೈಲಿಗೆ ಬರುವ ದಿನವನ್ನು ಅಣವೀರಪ್ಪ ಆಫೀಸಿನ ಕಂಪ್ಯೂಟರಿನಲ್ಲಿ ಬರೆದಿಟ್ಟು, ಮನೆಗೆ ಬಂದು ಮರೆತ. ಬೀಗರು ಸ್ಟೇಷನ್ನಿನಲ್ಲಿ ತಮ್ಮ ಟ್ರಂಕಿನ ಮೇಲೆ ಕೂತು, ಹೋಗಿಬರುವ ಆಟೋಗಳನ್ನೆಲ್ಲ ನೋಡಿ ಕಣ್ಣು ನೋಯಿಸಿಕೊಂಡರು. ಸಂಘದ ಸಭೆಯ ದಿನವನ್ನು ಮನೆಯ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದ; ಆ ದಿನ ಕಮಲಾಪುರದಲ್ಲಿ ನಿರ್ದೇಶಕರೆಲ್ಲ ಕೂಡಿದರು, ಕುರ್ಚಿ ಹಾಕಿದ್ದಾಯಿತು, ಚಹಾ ಕುಡಿದದ್ದಾಯಿತು, ಮ್ಯಾನೇಜರ ಮಾತ್ರ ಗಾಜಿಪುರದಲ್ಲಿ ರಜೆ ಹಾಕಿ ಮಿರ್ಚಿ ಭಜಿ ತಿನ್ನುತ್ತಿದ್ದ.

“ಇಂಥಾ ಮ್ಯಾನೇಜರನ್ನ ಇಟ್ಕೊಂಡು ಹೈದ್ರಾಬಾದಿನ ಕಂಪನಿಗಿ ಬಾಳಿಹಣ್ಣು ಮಾರ್ತಾರಂತ!” ಎಂದು ನಿರ್ದೇಶಕ ನೀಲಕಂಠ ಟೇಬಲ್ ಗುದ್ದಿದ. ನೀಲಕಂಠನಿಗೆ ತನ್ನ ಅಳಿಯನನ್ನು ಆ ಕುರ್ಚಿಯಲ್ಲಿ ಕೂರಿಸುವ ಆಸೆ ಇತ್ತು. ಆಸೆ ಇದ್ದವನು ಗುದ್ದುವ ಟೇಬಲ್ಲಿನ ಸದ್ದೇ ಬೇರೆ.

ಹೈದ್ರಾಬಾದಿನ ಮಾತು ಸುಳ್ಳಲ್ಲ. ಅಲ್ಲಿಯ ದೊಡ್ಡ ಹಣ್ಣಿನ ಕಂಪನಿಯೊಂದು ಕಮಲಾಪುರದ ಕೆಂಪು ಬಾಳೆಯನ್ನು ಒಟ್ಟಿಗೇ ಕೊಳ್ಳುವ ಮಾತಾಡುತ್ತಿತ್ತು. ತೋಟಗಳಲ್ಲಿ ಗೊನೆಗಳು ಕೊಯ್ಲಿಗೆ ಬಂದಿದ್ದವು. ಮಾತು ಮುರಿದರೆ ಊರ ಬೆಳೆಗಾರರೆಲ್ಲ ಸಂತೆಯಲ್ಲಿ ಕೇಳಿದ ರೇಟಿಗೆ ಕೊಟ್ಟು ಬರಬೇಕು. ಮೊದಲು ಮ್ಯಾನೇಜರನ ಕುರ್ಚಿಯೇ ಹೋಗುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಣವೀರಪ್ಪ ಮೋರೆ ಸಣ್ಣದು ಮಾಡಿಕೊಂಡು ಕೂತದ್ದನ್ನು ಕಂಪ್ಯೂಟರ್ ಕೆಲಸದ ನಜ್ಮಾ ನೋಡಿದಳು.

“ಸರ್, ಒಂದು ಕೆಲಸ ಮಾಡ್ರಿ. ನಿಮ್ಮ ಫೋನು, ಈ ಕಂಪ್ಯೂಟರು, ಮನೀದು, ಮೂರೂ ಸಿಂಕ್ ಮಾಡ್ರಿ. ಇಲ್ಲಿ ಹಾಕಿದ್ದು ಅಲ್ಲಿ ಬರ್ತದ, ಅಲ್ಲಿ ಹಾಕಿದ್ದು ಇಲ್ಲಿ.”

“ಸಿಂಕ್!” ಎಂದ ಅಣವೀರಪ್ಪ. ಬಾಯಲ್ಲಿ ಬತ್ತಾಸು ಇಟ್ಟುಕೊಂಡಂತೆ ಆ ಶಬ್ದವನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಹೊರಳಿಸಿ ನೋಡಿದ. ರುಚಿಯಾಗಿತ್ತು.

ನಜ್ಮಾ ಫೋನನ್ನೂ ಆಫೀಸಿನ ಕಂಪ್ಯೂಟರನ್ನೂ ಜೋಡಿಸಿ, ಬೆಳೆಗಾರರ ಕಾಗದ, ತೋಟಗಳ ಫೋಟೋ, ಹಣ್ಣಿನ ಪ್ರಮಾಣಪತ್ರ ಎಲ್ಲವನ್ನೂ ಅದರಲ್ಲಿ ಸೇರಿಸಿದಳು. ಪರದೆಯ ಮೇಲೆ ಒಂದು ಚಕ್ರ ಗಿರಗಿರ ತಿರುಗಿ ಹಸಿರು ಗುರುತು ಬಿತ್ತು. ಮನೆಯ ಕಂಪ್ಯೂಟರಿನಲ್ಲಿ ಏನೇನು ಒತ್ತಬೇಕೆಂದು ಹೇಳಿಕೊಟ್ಟು, ತಂಗಿಯ ಮದುವೆಗೆಂದು ರಜೆಯ ಮೇಲೆ ಹೋದಳು. ಅವಳು ಊರಲ್ಲಿ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಕಲಿತ ವಿದ್ಯೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಗುಣ ಅಣವೀರಪ್ಪನದಲ್ಲ. ಚಹಾ ತಂದ ಜವಾನ ಮಾಪಣ್ಣನನ್ನೇ ಹಿಡಿದ.

“ಮಾಪಣ್ಣಾ, ಇವತ್ತಿನಿಂದ ನಮ್ಮ ಆಫೀಸಿಗಿ ಸಿಂಕ್ ಆಯ್ತು ನೋಡು.”

ಮಾಪಣ್ಣ ಚಹಾದ ಕಪ್ಪು ಬಸಿಗಳನ್ನು ಹೊತ್ತುಕೊಂಡು ಅಂಗಳ ದಾಟಿ, ನೀರಿನ ಟಾಕಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ತೊಳೆಯುವವನು. ಆಫೀಸಿನೊಳಗೆ ಒಂದು ಸಿಂಕ್ ಹಾಕಿಸಿರೆಂದು ಬಂದ ಮ್ಯಾನೇಜರಿಗೆಲ್ಲ ಹೇಳಿ ಬಾಯಿ ಸೋತಿದ್ದ. ಅವನ ಕಣ್ಣು ಅರಳಿದವು.

“ಖರೇನ್ರೀ ಸಾಹೇಬ್ರ? ಎಲ್ಲದ?”

“ಆಗ್ಯದ. ಸಂಜಿಗಿ ನಮ್ಮ ಮನಿಗಿ ಭೀ ಮಾಡಸ್ತೀನಿ. ಎರಡಕ್ಕೂ ಒಂದ ಕನೆಕ್ಷನ್. ಇಲ್ಲಿ ಹಾಕಿದ್ದು ಗಾಜಿಪುರದಾಗ ಬೀಳ್ತದ.”

ಮಾಪಣ್ಣ ಕೈಯಲ್ಲಿದ್ದ ಕಪ್ಪನ್ನು ನೋಡಿದ. ತಳದಲ್ಲಿ ಚಹಾದ ಗಸಿ ಉಳಿದಿತ್ತು. ಅದು ಕಮಲಾಪುರದಲ್ಲಿ ಇಳಿದು ಗಾಜಿಪುರದಲ್ಲಿ ಸಾಹೇಬರ ಹೆಂಡತಿಯ ಮುಂದೆ ಬೀಳುವುದನ್ನು ಕಲ್ಪಿಸಿಕೊಂಡು, “ಅಕ್ಕೋರಿಗಿ ಹೇಳೀರೇನ್ರೀ?” ಎಂದ.

“ಈಗ ಹೇಳ್ತೀನಿ,” ಎಂದು ಅಣವೀರಪ್ಪ ಬಸ್ಸು ಹತ್ತಿದ.

ಬಸ್ಸಿನಲ್ಲಿ ಕೂತು ಮನೆಗೆ ಫೋನು ಹಚ್ಚಿದ. ಹಿಂದಿನ ಸೀಟಿನಲ್ಲಿ ಒಂದು ಆಡು ಒದರುತ್ತಿತ್ತು, ಮುಂದೆ ಇಂಜಿನ್ನು ಒದರುತ್ತಿತ್ತು.

“ಸೂಗಮ್ಮಾ! ಇವತ್ತ ಮನ್ಯಾಗ ಸಿಂಕ್ ಮಾಡಸ್ತೀನಿ!”

“ಏನಂದ್ರಿ?”

“ಸಿಂಕ್! ಸಿಂಕ್!”

ಸೂಗಮ್ಮ ಮದುವೆಯಾಗಿ ಬಂದಾಗಿನಿಂದ ಬಚ್ಚಲಲ್ಲಿ ತುದಿಗಾಲಲ್ಲಿ ಕೂತು ಮುಸುರಿ ಭಾಂಡೆ ತಿಕ್ಕಿದವಳು. ಮೊಣಕಾಲು ಈಗ ಏಳುವಾಗ ಒಂದು ಮಾತು, ಕೂಡುವಾಗ ಒಂದು ಮಾತು ಆಡುತ್ತಿತ್ತು. ನಿಂತು ತೊಳೆಯುವಂಥ ಒಂದು ಸಿಂಕ್ ಹಾಕಿಸಿರೆಂದು ಅವಳು ಕೇಳಿದಾಗಲೆಲ್ಲ ಅಣವೀರಪ್ಪ “ನೋಡೂಣು” ಎನ್ನುತ್ತಿದ್ದ.

“ನಿಮ್ಮ ಹೊಟ್ಟಿ ತಣ್ಣಗಿರ್ಲಿ,” ಎಂದು ಹರಸಿ ಸೂಗಮ್ಮ ಫೋನಿಟ್ಟಳು. ಸ್ಮಾರ್ಟ್‌ಫೋನಿನ ವಿಷಯದಲ್ಲಿ ಹೆಂಡತಿಗೆ ಇಷ್ಟು ಭಕ್ತಿ ಇದೆಯೆಂದು ಅಣವೀರಪ್ಪನಿಗೆ ಅಂದೇ ತಿಳಿದದ್ದು.

ಅವನು ಮನೆ ಮುಟ್ಟುವ ಹೊತ್ತಿಗೆ ಓಣಿಯ ಅರ್ಧ ಹೆಂಗಸರು ಪಡಸಾಲೆಯಲ್ಲಿದ್ದರು. ಒಲೆಯ ಮೇಲೆ ತುಪ್ಪ ಸುರಿದು ಶಿರಾ ಮಾಡಿದ ವಾಸನೆ. ಪಕ್ಕದ ಮನೆಯ ಬಷೀರುನ್ನೀಸಾ ಖಾಲಾ ದೊಡ್ಡ ಕುರ್ಚಿಯಲ್ಲಿ ಕೂತಿದ್ದಳು. ಗಾಜಿಪುರದಲ್ಲಿ ಯಾರ ಮನೆಯಲ್ಲಿ ಹೊಸ ಸಾಮಾನು ಬಂದರೂ ಮೊದಲು ಪರೀಕ್ಷೆ ಮಾಡುವ ಹಕ್ಕು ಅವಳದು.

“ಮುಬಾರಕ್ ಭಾಯಿ. ಸಿಂಕ್ ಬರ್ತದಂತ ಕೇಳ್ದೆ.”

“ಹೌದ್ರಿ ಖಾಲಾ. ಈ ಜಮಾನಾದಾಗ ಸಿಂಕ್ ಇಲ್ದಿದ್ರ ಮನುಷ್ಯಾ ಹಿಂದ ಉಳೀತಾನ.”

“ಅಚ್ಛಾ ಮಾತು. ಎಷ್ಟು ಹಿಡೀತದ ಅದ್ರಾಗ?”

“ಹದಿನೈದು ಜಿಬಿ ಪುಕಟ ಕೊಡ್ತಾರ್ರಿ.”

“ಜಿಬಿ ಅಂದ್ರ? ಬಿಂದಿಗಿಗಿಂತ ದೊಡ್ಡದೇನು?”

ಅಣವೀರಪ್ಪ ನಕ್ಕ. ತಿಳಿದವರು ತಿಳಿಯದವರ ಮುಂದೆ ನಗುವ ನಗು. “ಬಿಂದಿಗಿ ಎಲ್ಲಿಂದ ತಂದ್ರಿ ಖಾಲಾ! ಈ ಓಣಿ ಮಂದೀದೆಲ್ಲಾ ತಂದು ಸುರದ್ರೂ ತುಂಬಂಗಿಲ್ಲ.”

“ಹಂಗಾದ್ರ ನಮ್ದು ಭೀ ತಂದು ಹಾಕ್ಲೇನು?”

“ಬೇಶಕ್ ತರ್ರಿ!”

“ಮತ್ತ ಗಲೀಜು ಗಿಲೀಜು?”

ಫೋನಿಗೆ ಬರುವ ಹಾಳುಮೂಳು ವಿಡಿಯೋಗಳ ಬಗ್ಗೆ ಕೇಳುತ್ತಿದ್ದಾಳೆಂದು ಅವನು ತಿಳಿದ. “ಗಲೀಜು ಕಂಡ್ರ ಒಂದು ಬೆರಳಿಲೆ ಒತ್ತಿಬಿಟ್ರಾಯ್ತು. ಇಲ್ಲೀದು ಅಲ್ಲೀದು ಎರಡೂ ಕಡಿಂದ ಹೋಗ್ತದ. ಕಮಲಾಪುರದಾಗೂ ಉಳಿಯಂಗಿಲ್ಲ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನಗರಸಭೆಯವರಿಗೆ ಇಷ್ಟು ವರ್ಷ ಹೊಳೆಯದ ಚರಂಡಿ ಈ ಮನುಷ್ಯನಿಗೆ ಹೊಳೆದಿತ್ತು.

ಅಣವೀರಪ್ಪ ಕೈಕಾಲು ತೊಳೆದು, ವಿಭೂತಿ ಹಚ್ಚಿ, ಕಂಪ್ಯೂಟರಿನ ಮುಂದೆ ಕೂತ. ನಜ್ಮಾ ಹೇಳಿಕೊಟ್ಟದ್ದನ್ನು ಒಂದೊಂದಾಗಿ ಒತ್ತಿದ. ಚಕ್ರ ತಿರುಗಿತು. ಅಡುಗೆಮನೆಯಿಂದ ಠಣಠಣ ಸದ್ದು ಬಂತು, ಹೊರಗಿನಿಂದ ಏನೋ ಎಳೆದು ತರುವ ಸದ್ದು ಬಂತು. ಅವನು ಲಕ್ಷ್ಯ ಕೊಡಲಿಲ್ಲ. ಹಸಿರು ಗುರುತು ಬಿದ್ದಿತು.

“ಆತು! ಸಿಂಕ್ ಆತು!” ಎಂದು ಕೈ ಮೇಲೆತ್ತಿ ತಿರುಗಿದ.

ಹಿಂದೆ ಸೂಗಮ್ಮ ಎದೆಯವರೆಗೆ ಮುಸುರಿ ಭಾಂಡೆ ಹೊತ್ತು ನಿಂತಿದ್ದಳು. ಬಷೀರುನ್ನೀಸಾ ಖಾಲಾ ಬಿರಿಯಾನಿಯ ಡೇಗ್ಚಿಯೊಂದನ್ನು ತಂದು ಕಂಪ್ಯೂಟರಿನ ಟೇಬಲ್ಲಿನ ಮೇಲೆ ಧಡಲ್ಲೆಂದು ಇಟ್ಟಳು.

“ಎಲ್ಲದ ರೀ?” ಎಂದಳು ಸೂಗಮ್ಮ.

ಅಣವೀರಪ್ಪ ಡೇಗ್ಚಿಯನ್ನು ನೋಡಿದ, ಹಸಿರು ಗುರುತನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಎರಡು ವಸ್ತುಗಳಿಗೆ ಒಂದೇ ಹೆಸರಿಟ್ಟ ಪುಣ್ಯಾತ್ಮ ಯಾರಿರಬಹುದೆಂದು ಯೋಚಿಸಲು ಅದು ಹೊತ್ತಲ್ಲ. ಸೂಗಮ್ಮನ ಮುಖ ದೀಪಾವಳಿಯ ಪಣತಿಯಂತೆ ಬೆಳಗುತ್ತಿತ್ತು. ಅದನ್ನು ಊದಿ ಆರಿಸುವ ಧೈರ್ಯ ಇಡೀ ಗಾಜಿಪುರದಲ್ಲಿ ಯಾರಿಗೂ ಇರಲಿಲ್ಲ.

“ಇದು... ಈಗ ಕಂಪ್ಯೂಟರಿನ್ಯಾಗ ಬುಕ್ ಆಗ್ಯದ,” ಎಂದ. “ಅಸಲ್ ಮಾಲು ಹಿಂದಿಂದ ಬರ್ತದ.”

“ನಾಳಿಗೇ?”

“ಬಂದೇ ಬರ್ತದ.”

ಅಂದು ರಾತ್ರಿ ಶಿರಾ ಮುಟ್ಟದೆ, ಸಿಂಕಿನ ರೇಟು ಲೆಕ್ಕ ಹಾಕುತ್ತ ಕೂತ.

ಆದರೆ ಮಾಲು ಬಂದೇ ಬಂದಿತು! ಬೆಳಿಗ್ಗೆ ಹಲ್ಲುಜ್ಜುತ್ತ ಹೊರಗೆ ಬಂದರೆ ಬಾಗಿಲಲ್ಲಿ ಒಂದು ಟಂಟಂ ಗಾಡಿ. ಅದರಲ್ಲಿ ಕಪ್ಪು ಕಡಪಾ ಕಲ್ಲು, ಫಳಫಳ ಹೊಳೆಯುವ ಸ್ಟೀಲಿನ ಸಿಂಕು, ನಳ, ಪೈಪು, ಕಲ್ಲು ಕೂಡಿಸಲು ಒಬ್ಬ ಗೌಂಡಿ. ಎಲ್ಲದರ ಮೇಲೆ ಕೈಯಿಟ್ಟುಕೊಂಡು ನಿಂತಿದ್ದವನು ಸೂಗಮ್ಮನ ತಮ್ಮ ಶಿವಶರಣ. ನೆಹರು ಗಂಜಿನಲ್ಲಿ ತೊಗರಿ ಬೇಳೆಯ ದುಕಾನಿನವನು. ಹರಾಜಿನ ಸವಾಲಿನಲ್ಲಿ ಕೂಗಿ ಕೂಗಿ ಅವನ ದನಿ ಯಾವ ಮಾತನ್ನೂ ಸಣ್ಣಗೆ ಆಡಲಾರದಂತೆ ಆಗಿಬಿಟ್ಟಿತ್ತು.

“ಮಾಮಾ!” ಎಂದು ಗುಡುಗಿದ. “ಅಕ್ಕ ನಿನ್ನಿ ಫೋನ್ ಮಾಡಿ, ನಿಮ್ಮ ಮಾಮಾ ಸಿಂಕ್ ಹಾಕಸಾಕತ್ತಾರ ಅಂತ ಒಂದು ತಾಸು ನಿಮ್ಮ ಗುಣಗಾನ ಮಾಡ್ಯಾಳ. ಇಷ್ಟು ವರ್ಷ ತವರಮನ್ಯಾಗ ನಿಮ್ಮ ಬಗ್ಗಿ ಯಾರೂ ಒಂದು ಚಲೋ ಮಾತು ಕೇಳಿದ್ದಿಲ್ಲ. ಹಿಂಗ ನೀವು ಏಕದಂ ಮ್ಯಾಲೇರಿಬಿಟ್ರ ನಮ್ಮ ಮಾನ ಏನಾಗಬೇಕು? ನಿಮ್ಮ ಬುಕಿಂಗ್ ಕ್ಯಾನ್ಸಲ್ ಮಾಡ್ರಿ. ನಮ್ಮ ಅಕ್ಕಗ ಸಿಂಕು ತವರಮನೀದು!”

“ಅಯ್ಯ, ನಾನ ಹಾಕಸ್ತಿದ್ದೆ...” ಎಂದು ಅಣವೀರಪ್ಪ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಎರಡು ಸಲ ಬೇಡವೆಂದ. ಮೂರನೆಯ ಸಲ ಅನ್ನುವ ಅಪಾಯಕ್ಕೆ ಹೋಗಲಿಲ್ಲ.

ಸಂಜೆಯೊಳಗೆ ಸಿಂಕು ಕೂತಿತು. ಸೂಗಮ್ಮ ಸೆರಗು ಸಿಕ್ಕಿಸಿ, ಎರಡು ಕಾಲಿನ ಮೇಲೆ ನೆಟ್ಟಗೆ ನಿಂತು, ಒಂದು ಲೋಟವನ್ನು ಏಳು ಸಲ ತೊಳೆದಳು. ಖಾಲಾಳ ಡೇಗ್ಚಿ ಮಾತ್ರ ಅದರೊಳಗೆ ಹಿಡಿಯಲಿಲ್ಲ. “ಹದಿನೈದು ಜಿಬಿ ಇಲ್ಲ ಇದು,” ಎಂದು ಖಾಲಾ ತೀರ್ಪು ಕೊಟ್ಟಳು. “ನಿಮಗ ಕಮ್ತಿ ಕೊಟ್ಟಾರ.”

ಇತ್ತ ಕಮಲಾಪುರದಲ್ಲಿ ಮಾಪಣ್ಣ ಆಫೀಸಿನ ಮೂಲೆ ಮೂಲೆ ಹುಡುಕಿದ. ಸಿಂಕು ಸಿಗಲಿಲ್ಲ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, “ಆಫೀಸಿಗಿ ಸಿಂಕ್ ಆಗ್ಯದಂತ, ಆದ್ರ ಕಾಣವಲ್ದು,” ಎಂದ. ಅಂಗಡಿಯವನು ಗಿರಾಕಿಗಳಿಗೆ, “ಆಫೀಸಿನ ಸಿಂಕ್ ಮ್ಯಾನೇಜರ್ ಸಾಹೇಬ್ರ ಮನ್ಯಾಗದಂತ,” ಎಂದ. ಗಿರಾಕಿಗಳು ಬಾಳೆತೋಟಗಳಿಗೆ ಹೋಗಿ, “ಇಲ್ಲಿಂದ ಗಾಜಿಪುರದ ತನಾ ಪೈಪ್ ಎಳ್ದಾನಂತ,” ಎಂದರು. ನೀಲಕಂಠನ ಕಿವಿಗೆ ಬೀಳುವ ಹೊತ್ತಿಗೆ ಪೈಪು ಕಬ್ಬಿಣದ್ದಾಗಿತ್ತು, ಮೋಟಾರೂ ಕೂತಿತ್ತು.

ನೀಲಕಂಠ ಅವತ್ತು ಊಟ ಬಿಟ್ಟು ನಿರ್ದೇಶಕರನ್ನೆಲ್ಲ ಕೂಡಿಸಿದ. ಅಧ್ಯಕ್ಷ ಭೀಮಶಾ ತೋಟದಿಂದ ನೇರ ಬಂದ. ಬಾಳೆಯ ಕಲೆಯಾದ ಧೋತರ, ಹೆಗಲ ಮೇಲೆ ಟವೆಲ್ಲು. ಅವಸರದ ಮಾತು ಅವನಿಗೆ ಗೊತ್ತೇ ಇಲ್ಲ.

“ಕಮಲಾಪುರದಿಂದ ಗಾಜಿಪುರಕ್ಕ ಪೈಪು?” ಎಂದ ಭೀಮಶಾ. “ನಾ ದಿನಾ ಆ ರಸ್ತಾದಾಗ ಓಡಾಡ್ತೀನಿ. ಒಂದು ತೆಗ್ಗು ತೋಡಿದ್ದು ಕಂಡಿಲ್ಲಲ್ಲೋ ನೀಲಕಂಠ.”

“ಅದೇ ಅಧ್ಯಕ್ಷರ, ಅವನ ಕರಾಮತ್ತು!”

ಅಣವೀರಪ್ಪನನ್ನು ಕರೆದು ನಿಲ್ಲಿಸಿದರು. ಮನೆಯಲ್ಲಿ ಆದದ್ದು ಅವನಿಗೆ ನೆನಪಿತ್ತು. ಆದರೆ ಓಣಿಯ ಮಂದಿ ಬೇರೆ, ಆಡಳಿತ ಮಂಡಳಿ ಬೇರೆ. ಇವರು ಸಿಂಕ್ ಎಂದರೆ ಕಂಪ್ಯೂಟರಿನ ಸಿಂಕೇ ಎಂದು ನಂಬಿ, ತನ್ನ ಬುದ್ಧಿಗೆ ಶಾಭಾಸ್ ಕೊಡಲು ಕರೆದಿದ್ದಾರೆಂದು ಅಂಗಿಯ ಗುಂಡಿ ಹಾಕಿಕೊಂಡು ಬಂದಿದ್ದ.

“ಆಫೀಸಿಗೂ ಮನಿಗೂ ಸಿಂಕ್ ಮಾಡ್ಕೊಂಡೀರಂತ, ಖರೇ ಏನು?” ಎಂದ ನೀಲಕಂಠ.

“ಖರೇರಿ,” ಎಂದ ಅಣವೀರಪ್ಪ ಎದೆಯುಬ್ಬಿಸಿ.

“ಒಪ್ಕೊಂಡ! ಬರ್ಕೋರಿ! ಪೈಪ್ ಎಲ್ಲಿಂದ ಹಾಯಿಸೀರಿ?”

“ಪೈಪ್ ಯಾಕ ಬೇಕ್ರಿ? ಗಾಳ್ಯಾಗ ಹೋಗ್ತದ.”

ನಿರ್ದೇಶಕರೆಲ್ಲ ತಲೆಯೆತ್ತಿ ಸೂರು ನೋಡಿದರು.

“ಗಾಳ್ಯಾಗ?” ಎಂದ ಭೀಮಶಾ.

“ಹೌದ್ರಿ. ಇಲ್ಲಿಂದ ಮೊದಲ ಕ್ಲೌಡಿಗಿ ಹೋಗ್ತದ. ಅಲ್ಲಿಂದ ನಮ್ಮ ಮನ್ಯಾಗ ಇಳೀತದ.”

“ಕ್ಲೌಡ್ ಅಂದ್ರ?”

“ಮೋಡ ಅಂತಾರಲ್ರಿ, ಮೋಡ.”

ನೀಲಕಂಠ ಕುರ್ಚಿಯಿಂದ ಎದ್ದೇಬಿಟ್ಟ. “ಕೇಳಿದ್ರೇನು! ಸಂಘದ ಟಾಕಿ ನೀರು ಮೋಡಕ್ಕ ಹೋಗಿ, ಹುಡುಕ್ಯಾಡಿ ಇವನ ಮನಿ ಮ್ಯಾಲೇ ಬೀಳ್ತದಂತ! ನಮ್ಮ ಹೊಲ ಬಿಟ್ಟು ಮಳಿ ಎಲ್ಲಿ ಹೊಂಟಿತ್ತು ಅಂತ ಈಗ ತಿಳೀತು ನೋಡ್ರಿ!”

“ನೀರಲ್ರಿ,” ಎಂದ ಅಣವೀರಪ್ಪ ಗಾಬರಿಯಾಗಿ. “ಕಾಗದಪತ್ರ, ಫೋಟೋ, ತಾರೀಖು...”

“ಸಂಘದ ಕಾಗದಪತ್ರ ಭೀ ಹೋಗ್ಯಾವಂತ! ಬರ್ಕೋರಿ!”

ಇನ್ನು ಬಾಯಿ ತೆರೆದಷ್ಟೂ ಕೆಡುತ್ತದೆಂದು ತಿಳಿದು ಅಣವೀರಪ್ಪ ನಜ್ಮಾಳ ಖಾಲಿ ಕುರ್ಚಿಯ ಕಡೆ ದೈನ್ಯದಿಂದ ನೋಡಿದ. ಭೀಮಶಾ ಹೆಗಲ ಟವೆಲ್ಲು ಝಾಡಿಸಿದ.

“ಖಾಲಿಪೀಲಿ ಬಾಯಿ ಮಾಡಿ ಉಪಯೋಗಿಲ್ಲ. ಜೀಪ್ ತೆಗೀರಿ. ಗಾಜಿಪುರಕ್ಕ ಹೋಗಿ ಕಣ್ಣಿಲೆ ನೋಡೂಣು. ಸಿಂಕ್ ಇದ್ರ ಅದ, ಇಲ್ಲಂದ್ರ ಇಲ್ಲ.”

ಸಿಂಕು ಇತ್ತು. ಅಷ್ಟೇ ಅಲ್ಲ, ಅಂದು ಅಮಾವಾಸ್ಯೆ ಎಂದು ಸೂಗಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ನಳಕ್ಕೆ ಒಂದು ಮೊಳ ಮಲ್ಲಿಗೆ ಸುತ್ತಿದ್ದಳು. ಗಂಡನ ಆಫೀಸಿನ ದೊಡ್ಡವರು ತನ್ನ ಸಿಂಕು ನೋಡಲೆಂದೇ ಜೀಪು ಮಾಡಿಕೊಂಡು ಬಂದದ್ದು ಕಂಡು ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು.

“ಬರ್ರಿ, ಬರ್ರಿ! ಹೀಂಗ ಹತ್ರ ಬಂದು ನೋಡ್ರಿ. ಚಪ್ಪಲ್ ಬಿಟ್ಟು ಬರ್ರಿ.”

ನೀಲಕಂಠ ಚಪ್ಪಲಿ ಬಿಟ್ಟು ಒಳಗೆ ನುಗ್ಗಿದ. “ಸಿಕ್ತು!” ಎಂದು ಸಿಂಕಿನ ಮೇಲೆ ಕೈಯಿಟ್ಟ. ನಳ ತಿರುವಿ, ಬೊಗಸೆಯಲ್ಲಿ ನೀರು ಹಿಡಿದು, ಕುಡಿದು, ಕಣ್ಣುಮುಚ್ಚಿ ಬಾಯಲ್ಲಿ ತಿರುಗಾಡಿಸಿದ. “ನಮ್ಮ ಟಾಕಿ ನೀರೇ! ಅದೇ ರುಚಿ!”

“ಅಯ್ಯ, ಕುಡೀಬ್ಯಾಡ್ರೀ,” ಎಂದಳು ಬಾಗಿಲಲ್ಲಿ ನಿಂತ ಬಷೀರುನ್ನೀಸಾ ಖಾಲಾ. “ಅದು ನಗರಸಭೀದು. ನಾವು ಕುಡಿಯಾಕ ಬ್ಯಾರೆ ತರ್ತೀವಿ.”

ನೀಲಕಂಠ ನುಂಗಿಯಾಗಿತ್ತು.

“ಸಂಘದ ಮಾಲಿನಿಂದ ಕಟ್ಟಿದ ಸಿಂಕಿದು!” ಎಂದು ಅವನು ಕೂಗಿದ್ದೇ ತಡ, ಹಿಂದಿನ ಬಾಗಿಲಿನಿಂದ ನೆಹರು ಗಂಜಿನ ಸವಾಲೇ ಒಳಗೆ ಬಂದಂತಾಯಿತು. ನಳದಲ್ಲಿ ನೀರು ಜಿನುಗುತ್ತದೆಂದು ಗೌಂಡಿಯನ್ನು ಕರೆತಂದಿದ್ದ ಶಿವಶರಣ.

“ಯಾವ ಸಂಘರೀ? ಯಾರ ಮಾಲು? ನಮ್ಮ ಅಕ್ಕಗ ನಾ ಹಾಕಿಸಿದ ಸಿಂಕ್! ನಾವು ತಂದ ಕಲ್ಲು! ತವರಮನಿ ಉಡುಗೊರಿಗಿ ಕಳ್ಳಮಾಲು ಅಂತೀರಾ? ಇನ್ನೊಮ್ಮಿ ಅನ್ರಿ, ಗಂಜಿನ ಹಮಾಲರನ್ನೆಲ್ಲಾ ಕರಸ್ತೀನಿ!”

“ಸಿಂಕ್ ನಿಮ್ದಂದ್ರ ಇವನು ಮೋಡದಾಗಿಂದ ಬಂತು ಅಂದಾನಲ್ಲ!”

“ಕಂಪ್ಯೂಟರಿನ್ಯಾಗ ಬುಕ್ ಆಗ್ಯದ ಅಂದಿದ್ರಲ್ರೀ?” ಎಂದಳು ಸೂಗಮ್ಮ, ಗಂಡನ ಕಡೆ ಮೊದಲ ಸಲ ಅನುಮಾನದಿಂದ ತಿರುಗಿ.

ಅಡುಗೆಮನೆಯಲ್ಲಿ ನಿಂತವರೆಲ್ಲ ಅಣವೀರಪ್ಪನನ್ನು ನೋಡಿದರು. ಅವನು ಅರಿಶಿನದ ಡಬ್ಬಿಯನ್ನು ನೋಡಿದ. ಆ ಕ್ಷಣಕ್ಕೆ ಭೀಮಶಾನ ಫೋನು ರಿಂಗಾಯಿತು.

ಹೈದ್ರಾಬಾದಿನ ಕಂಪನಿ. ಭೀಮಶಾ ಹ್ಞೂಂ, ಹ್ಞೂಂ ಎನ್ನುತ್ತ ಕೇಳಿದ; ಮುಖ ಇಳಿಯಿತು. ಫೋನನ್ನು ಅಂಗೈಯಿಂದ ಮುಚ್ಚಿ ಹೇಳಿದ.

“ಅವರ ದೊಡ್ಡ ಸಾಹೇಬ್ರು ಈಗ ವಿಮಾನ ಹತ್ತಾಕತ್ತಾರಂತ. ತೋಟದ ಫೋಟೋ, ಹಣ್ಣಿನ ಪ್ರಮಾಣಪತ್ರ, ಬೆಳೆಗಾರರ ಹೆಸರು, ಎಲ್ಲಾ ಈಗಿಂದೀಗ ಬೇಕಂತ. ಬಂದ್ರ ನಮ್ಮ ಮಾಲು ತಗೋತಾರ. ಇಲ್ಲಂದ್ರ ಬ್ಯಾರೆ ಊರಿನವರದು ತಯ್ಯಾರದಂತ.”

“ಮಾಪಣ್ಣಗ ಫೋನ್ ಹಚ್ಚರಿ! ಆಫೀಸಿನಿಂದ ಕಳಸಲಿ!” ಎಂದರು ಎಲ್ಲರೂ.

ಹಚ್ಚಿದರು. ಮಾಪಣ್ಣ ಅತ್ತಿಂದ, “ಕರೆಂಟ್ ಹೋಗ್ಯದ್ರಿ. ಕಂಪ್ಯೂಟರ್ ಮಾರಿ ಕರ್ರಗ ಮಾಡ್ಕೊಂಡು ಕುಂತದ. ನಜ್ಮಾ ಅಕ್ಕೋರು ಮದುವ್ಯಾಗ. ನಾನು ಕಪ್ಪು ತೊಳಿಯಾಕತ್ತೀನಿ,” ಎಂದ.

ನೀಲಕಂಠ ಗೋಡೆಗೆ ಒರಗಿದ. ಅವನ ತೋಟದಲ್ಲಿಯೂ ಗೊನೆ ಕೊಯ್ಲಿಗೆ ಬಂದಿದ್ದವು. ಅಳಿಯನ ಕುರ್ಚಿ ಮರೆತು, “ನಾವು ಮುಳುಗಿದ್ವಿ,” ಎಂದು ನಿಜವಾಗಿಯೇ ನೊಂದು ಹೇಳಿದ.

ಅಣವೀರಪ್ಪ ಯಾರಿಗೂ ಏನೂ ಹೇಳದೆ ಪಡಸಾಲೆಗೆ ನಡೆದ. ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಒತ್ತಿದ. ಪರದೆ ಬೆಳಗಿತು. ಕಮಲಾಪುರದ ಆಫೀಸೇ ಗಾಜಿಪುರದ ಪಡಸಾಲೆಗೆ ಬಂದು ಕೂತಿತ್ತು: ಕೆಂಪು ಗೊನೆಗಳ ಫೋಟೋ, ಮುದ್ರೆ ಬಿದ್ದ ಪ್ರಮಾಣಪತ್ರ, ಊರ ಬೆಳೆಗಾರರ ಹೆಸರುಗಳು.

“ಅದು ನನ್ನ ತೋಟ!” ಎಂದು ನೀಲಕಂಠ ಚೀರಿದ. “ಅದು ನನ್ನ ಗೊನಿ! ನಾ ಭೀ ನಿಂತೀನಿ ನೋಡ್ರಿ ಬಾಜೂಕ!”

“ಸರೀರಿ ಸ್ವಲ್ಪ, ಮೌಸಿಗಿ ಜಾಗಾ ಬಿಡ್ರಿ,” ಎಂದ ಅಣವೀರಪ್ಪ. ಆ ದನಿಯಲ್ಲಿ ಅವನು ಹಿಂದೆಂದೂ ನಿರ್ದೇಶಕರ ಜೊತೆ ಮಾತಾಡಿರಲಿಲ್ಲ. ಫೈಲುಗಳನ್ನು ಹೈದ್ರಾಬಾದಿಗೆ ಕಳಿಸಿದ. ಹೋಯಿತೆಂದು ತೋರಿಸಿತು.

ಆಮೇಲೆ ಕಾಯುವುದು. ಸೂಗಮ್ಮ ಚಹಾ ಕೊಟ್ಟಳು; ಯಾರೂ ಕುಡಿಯಲಿಲ್ಲ. ಶಿವಶರಣ ಕೂಡ ಮೆಲ್ಲಗೆ ಉಸಿರಾಡಿದ. ಕೊನೆಗೆ ಭೀಮಶಾನ ಫೋನು ರಿಂಗಾಯಿತು. ಅವನು ಕೇಳಿದ. ಫೋನು ಇಟ್ಟ. ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅವಸರದ ಮಾತು ಗೊತ್ತಿಲ್ಲದ ಆ ಮನುಷ್ಯನ ಮೇಲೆ ಎಲ್ಲರಿಗೂ ಅಂದು ಬಂದಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

“ತಗೊಂಡ್ರು,” ಎಂದ. “ಊರಿನ ಮಾಲೆಲ್ಲಾ ತಗೊಂಡ್ರು. ಇಷ್ಟು ಜಲ್ದಿ ಕಾಗದ ಕಳಿಸಿದ ಸಂಘ ಇಲ್ಲೀತನಾ ನೋಡಿಲ್ಲಂತ.”

ಪಡಸಾಲೆಯಲ್ಲಿ ಎದ್ದ ಗದ್ದಲಕ್ಕೆ ಓಣಿಯ ನಾಯಿಗಳು ಎದ್ದು ನಿಂತವು. ನೀಲಕಂಠ ಅಣವೀರಪ್ಪನನ್ನು ತಬ್ಬಿಕೊಂಡ. ಅವನನ್ನು ಬಿಡಿಸಿ ಶಿವಶರಣ ತಬ್ಬಿಕೊಂಡ. ಖಾಲಾ ಎಲ್ಲರ ಬಾಯಲ್ಲೂ ಸಕ್ಕರೆ ಹಾಕಿದಳು. ಅಣವೀರಪ್ಪ ಪರದೆಯ ಹಸಿರು ಗುರುತಿನ ಮೇಲೆ ಬೆರಳಿಟ್ಟು, ಅವಮಾನ, ಹೆಮ್ಮೆ ಎರಡೂ ಕೂಡಿದ ದನಿಯಲ್ಲಿ ಹೇಳಿದ:

“ಇದರ ಹೆಸರೂ ಸಿಂಕ್ ಅಂತಾರ್ರಿ.”

ಭೀಮಶಾ ಪಡಸಾಲೆಯ ಕಂಪ್ಯೂಟರನ್ನು ನೋಡಿದ, ಅಡುಗೆಮನೆಯ ಮಲ್ಲಿಗೆ ಸುತ್ತಿದ ನಳವನ್ನು ನೋಡಿದ. ಹೊಟ್ಟೆ ಹಿಡಿದು ನಗಲು ಶುರುಮಾಡಿದವನು ಜೀಪು ಹತ್ತುವವರೆಗೂ ನಿಲ್ಲಿಸಲಿಲ್ಲ.

“ಆದ್ರ ಒಂದು ಮಾತು ಅಣವೀರಪ್ಪ,” ಎಂದ ಜೀಪಿನಿಂದ. “ನಿಮ್ಮ ಮನ್ಯಾಗ ಎರಡೂ ಅವ, ನಮ್ಮ ಆಫೀಸಿನ್ಯಾಗ ಒಂದೇ ಅದ. ಮಾಪಣ್ಣ ಬಿಸಲಾಗ ಕಪ್ಪು ತೊಳೀತಾನ. ಇದು ನ್ಯಾಯಲ್ಲ.”

ಹಾಗಾಗಿ ಕಮಲಾಪುರದ ಸಂಘದಲ್ಲಿಯೂ ಕಡಪಾ ಕಲ್ಲಿನ ಸಿಂಕು ಕೂತಿತು. ಉದ್ಘಾಟನೆಗೆ ಶಾಮಿಯಾನ ಹಾಕಿದರು. ನಳ ಯಾರು ತಿರುವಬೇಕೆಂಬ ಚರ್ಚೆಯಾಗಿ, “ಅನುಭವ ಇದ್ದವರು ಒಬ್ಬರೇ ಇದ್ದಾರೆ” ಎಂದು ಸ್ವತಃ ನೀಲಕಂಠನೇ ಸೂಚಿಸಿ, ಸೂಗಮ್ಮನನ್ನು ಮುಖ್ಯ ಅತಿಥಿ ಮಾಡಿದರು. ಸೂಗಮ್ಮ ಜರಿಯಂಚಿನ ಇಳಕಲ್ ಸೀರೆ ಉಟ್ಟು, ಬಷೀರುನ್ನೀಸಾ ಖಾಲಾಳನ್ನು ಜೊತೆಗೆ ಕರೆದುಕೊಂಡು, ಗಂಡನಿಗಿಂತ ಎರಡು ಹೆಜ್ಜೆ ಮುಂದೆ ನಡೆದು ಹೋಗಿ ನಳ ತಿರುವಿದಳು. ನೀರು ಚಿಮ್ಮಿ ಮುಂದಿನ ಸಾಲಿನವರ ಅಂಗಿಯೆಲ್ಲ ತೊಯ್ಯಿಸಿತು. ಎಲ್ಲರಿಗಿಂತ ಹೆಚ್ಚು ತೊಯ್ದ ಮಾಪಣ್ಣನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಸುದ್ದಿ ಸುತ್ತ ಹಬ್ಬಿತು. ಒಂದು ರವಿವಾರ ತಾಜಸುಲ್ತಾನಪುರದ ತರಕಾರಿ ಸಂಘದವರು ನಾಲ್ಕೈದು ಮಂದಿ ಗಾಜಿಪುರದ ಮನೆ ಹುಡುಕಿಕೊಂಡು ಬಂದರು.

“ಅಣವೀರಪ್ಪ ಸಾಹೇಬ್ರು ಇದ್ದಾರೇನ್ರೀ? ನಮ್ಮ ಸಂಘಕ್ಕ ಭೀ ಒಂದು ಸಿಂಕ್ ಬೇಕಾಗಿತ್ತು.”

ಅಣವೀರಪ್ಪ ಪಡಸಾಲೆಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಬಾಯಿ ತೆರೆಯುವ ಮೊದಲೇ ಸೂಗಮ್ಮ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ತಜ್ಞರ ಗಾಂಭೀರ್ಯದಿಂದ ಕೇಳಿದಳು:

“ಕೂಡ್ರಿ ಮೊದಲ. ನಿಮಗ ಯಾವುದು ಬೇಕು ಹೇಳ್ರಿ, ಕಲ್ಲಿಂದೋ, ಗಾಳೀದೋ?”

ಬಂದವರು ತಮ್ಮತಮ್ಮಲ್ಲಿ ಪಿಸುಗುಟ್ಟಿ, ಹಿರಿಯನೊಬ್ಬನನ್ನು ಮುಂದೆ ಮಾಡಿದರು.

“ಎರಡರಾಗ ಯಾವುದು ಜಾಸ್ತಿ ಹಿಡೀತದೋ, ಅದನ್ನ ಕೊಡ್ರಿ ಅಕ್ಕೋರೆ.”